ಚೌಕಟ್ಟಿನೊಳಗೆ ಸುಕ್ಕುಗಟ್ಟಿದ ಹಕ್ಕಿಚಿತ್ರಗಳು

ಧಾರವಾಡದ ಮಳೆಗಾಲದಲ್ಲಿ ನೀವು ಗಾಜಿನ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಹಳೆಯ ಹಕ್ಕಿಚಿತ್ರಗಳ ಮುದ್ರಿತ ಪ್ರತಿಗಳು ಸುಕ್ಕುಗಟ್ಟಿ ಕಂದು ಚುಕ್ಕೆ ಹಿಡಿಯಲು ಬಹುಮಟ್ಟಿಗೆ ಕಾರಣ, ಕಾಗದವು ನೇರವಾಗಿ ಗಾಜಿಗೆ ತಾಗಿರುವುದು ಮತ್ತು ಹೊರಗೋಡೆಯ ತೇವ. ಗೋಡೆಯನ್ನು ನೋಡದೆ ಯಾವುದರ ಪಾಲು ಹೆಚ್ಚೆಂದು ಹೇಳಲಾರೆ. ಮೊದಲು ಪ್ರತಿಗಳನ್ನು ಬಿಡಿಸಿ, ನೆರಳಿನಲ್ಲಿ ಒಣಗಿಸಿ, ಎರಡು ಬಿಳಿ ಹಾಳೆಗಳ ನಡುವೆ ಭಾರ ಹೇರಿ ಕೆಲವು ದಿನ ಇಡಿ. ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಹೊಸದಾಗಿ ಮುದ್ರಿಸುವುದೇ ಲೇಸು: ಹಳೆಯ ಜೀವಶಾಸ್ತ್ರ ಪುಸ್ತಕಗಳ ಅಂತರ್ಜಾಲ ಗ್ರಂಥಾಲಯವಾದ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯ ಸ್ಕ್ಯಾನ್‌ಗಳು ಉಚಿತವಾಗಿ ದೊರೆಯುತ್ತವೆ, ಎ3 ಅಳತೆಗೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಸುಮಾರು 3500×4960 ಪಿಕ್ಸೆಲ್ ಬೇಕು. ಹಿನ್ನೆಲೆಯ ಹಳದಿ ಛಾಯೆಯನ್ನು ದಯವಿಟ್ಟು ಅಳಿಸಬೇಡಿ, ಹಳೆಯ ಬಣ್ಣಗಳು ಅದರ ಮೇಲೆಯೇ ಒಪ್ಪುತ್ತವೆ. ಬಳಿಕ ಫ್ರೇಮ್ ಅಂಗಡಿಯಲ್ಲಿ ಆ್ಯಸಿಡ್‌-ಫ್ರೀ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಕೂರಿಸುವ ಆಮ್ಲರಹಿತ ದಪ್ಪ ರಟ್ಟು) ಹಾಕಿಸಿ ಗಾಜಿಗೂ ಕಾಗದಕ್ಕೂ ಅಂತರ ಬಿಡಿಸಿ, ಗೋಡೆಗೂ ಚೌಕಟ್ಟಿಗೂ ನಡುವೆ ಗಾಳಿಯಾಡುವಂತೆ ಹಿಂಬದಿಯ ಕೆಳಮೂಲೆಗಳಿಗೆ ಬಿರಡೆಯ ತುಣುಕು ಅಂಟಿಸಿ, ನೇರ ಬಿಸಿಲು ಬೀಳದ ಒಳಗೋಡೆಗೆ ತೂಗುಹಾಕಿ.