ಇನ್‌ಚಾರ್ಜ್ ಆದರೂ ಕೈ ಸುಮ್ಮನಿರುತ್ತಿಲ್ಲ

ಪ್ರಶ್ನೆ: ಅಕ್ಕಾರ, ನಾನು ಹುಬ್ಬಳ್ಳಿಯ ತಾರಿಹಾಳದಲ್ಲಿ ವಾಲ್ವ್ ಮಾಡುವ ಕಾರ್ಖಾನೆಯೊಂದರಲ್ಲಿ 13 ವರ್ಷದಿಂದ ಇದ್ದೇನೆ. ಹೋದ ವರ್ಷ ಪ್ರೊಡಕ್ಷನ್ ಇನ್‌ಚಾರ್ಜ್ ಮಾಡಿದರು. ಕೈಕೆಳಗೆ 22 ಮಂದಿ. ಯಾರ ಕೆಲಸವೂ ನನಗೆ ಸರಿ ಅನಿಸುವುದಿಲ್ಲ. ಬಿಚ್ಚಿ ನಾನೇ ಮತ್ತೆ ಮಾಡುತ್ತೇನೆ, ಮಾಡುತ್ತಾ ಬೈಯುತ್ತೇನೆ. ಹೋದ ವಾರ ಟೆಸ್ಟಿಂಗಿನಲ್ಲಿ ಲೀಕ್ ಬಂತು ಅಂತ, ನನಗೆ ಕೆಲಸ ಕಲಿಸಿದ ಕಾಕಾಗೇ ಎಲ್ಲರ ಮುಂದೆ ಬೈದೆ. ಅವರು ಮಾತು ಬಿಟ್ಟಿದ್ದಾರೆ. ಮನೆ ಮುಟ್ಟುವುದು ರಾತ್ರಿ ಒಂಬತ್ತೂವರೆಗೆ. ಆಮೇಲೂ ಮಾಲೀಕರ ವಾಟ್ಸಾಪ್. ಒಳ್ಳೆ ಲೀಡರ್ ಆಗಬೇಕಾದರೆ ನಾಲ್ಕಕ್ಕೆ ಏಳಬೇಕು, ತಣ್ಣೀರು ಸ್ನಾನ, ಡೈರಿ ಅಂತ ವಿಡಿಯೋ ನೋಡಿ ಎರಡು ವಾರ ಮಾಡಿದೆ. ಮೊನ್ನೆ ಅದೂ ನಿಂತುಹೋಯಿತು. ಈಗ ಮಲಗಿದರೂ ನಿದ್ದೆ ಬರುವುದಿಲ್ಲ. ಮನೆಯಾಕೆ ‘ಈ ಹುದ್ದೆ ಬಿಟ್ಟು ಮಷಿನ್ನಿಗೇ ಹೋಗ್ರಿ’ ಅನ್ನುತ್ತಾಳೆ. ನನಗೆ ಯೋಗ್ಯತೆ ಇಲ್ವಾ?
– ತಾರಿಹಾಳದ ಓದುಗ

ಉತ್ತರ: ಮೊದಲು ಕಾಕಾನ ವಿಷಯ. ಉಳಿದದ್ದೆಲ್ಲ ಆಮೇಲೆ.

ನಾಳೆ ಚಹಾದ ಹೊತ್ತಿಗೆ, ಯಾರ ಮುಂದೆ ಬೈದಿರೋ ಅವರೆಲ್ಲ ಇರುವಾಗಲೇ ಹೋಗಿ ಹೇಳಿ: ‘ಕಾಕಾ, ಅವತ್ತ ನಾ ಹಂಗ ಮಾತಾಡಬಾರದಿತ್ತು. ತಪ್ಪಾತು.’ ಅಷ್ಟೇ. ‘ಆದ್ರ ಲೀಕ್ ಬಂದಿತ್ತಲ್ಲ’ ಅಂತ ಬಾಲ ಹಚ್ಚಬೇಡಿ. ಫೋನಿನಲ್ಲಿ ಬೇಡ, ಗೇಟಿನ ಹೊರಗೆ ಒಬ್ಬರೇ ಸಿಕ್ಕಾಗಲೂ ಬೇಡ. ಮರ್ಯಾದೆ ಹೋದದ್ದು ಎಲ್ಲರೆದುರು, ತಿರುಗಿ ಕೊಡುವುದೂ ಎಲ್ಲರೆದುರೇ ಆಗಲಿ. ಅವರು ತಕ್ಷಣ ಮಾತಾಡದಿದ್ದರೆ ತಡೆದುಕೊಳ್ಳಿ. ನಮ್ಮ ಕಡೆ ಹಿರಿಯರ ಸಿಟ್ಟು ಒಂದು ಕಪ್ ಚಹಾಕ್ಕೆ ಇಳಿಯುವಂಥದ್ದಲ್ಲ, ನಿಮಗೂ ಗೊತ್ತು.

ಇನ್ನು ಆ ವಿಡಿಯೋಗಳು. ಬಿಟ್ಟುಬಿಡಿ. ಒಂಬತ್ತೂವರೆಗೆ ಮನೆಗೆ ಬಂದು, ಉಂಡು, ವಾಟ್ಸಾಪಿಗೆ ಉತ್ತರ ಕೊಟ್ಟು ಮಲಗುವಾಗ ಹನ್ನೊಂದು ದಾಟಿರುತ್ತದೆ. ನಾಲ್ಕಕ್ಕೆ ಎದ್ದರೆ ಐದು ತಾಸು ನಿದ್ದೆಯೂ ಆಗಲಿಲ್ಲ. ದೊಡ್ಡವರಿಗೆ ಕನಿಷ್ಠ 7 ತಾಸು ಬೇಕು ಅಂತ ವೈದ್ಯರು ಹೇಳುತ್ತಾರೆ. ನಿದ್ದೆಗೆಟ್ಟವನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಲೆಕ್ಕ ಹಾಕಿ ನೋಡಿ, ಕಾಕಾಗೆ ಬೈದದ್ದು ಅದೇ ಎರಡು ವಾರದಲ್ಲಿ ಅಲ್ವಾ?

ಯೋಗ್ಯತೆಯ ಮಾತಿಗೆ ಬಂದರೆ, ನಿಮ್ಮ ಕೈಗೆ ಅದು ಸ್ವಲ್ಪ ಜಾಸ್ತಿಯೇ ಇದೆ. 13 ವರ್ಷ ಹೆಸರು ತಂದುಕೊಟ್ಟದ್ದು ಕೈ. ಈಗ ಕೆಲಸ ಬದಲಾಗಿದೆ, ಕೈಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಸೀಟ್ ಲ್ಯಾಪಿಂಗ್ (ವಾಲ್ವ್ ಬಿಗಿಯಾಗಿ ಮುಚ್ಚಲಿ ಅಂತ ಒಳಗಿನ ಸೀಟನ್ನು ಉಜ್ಜಿ ನಯ ಮಾಡುವುದು) ಸರಿಯಾಗಿಲ್ಲ ಅಂತ ನೀವೇ ಕೂತು ಮತ್ತೆ ಉಜ್ಜಿದಿರಿ ಅನ್ನಿ. ಪಕ್ಕದಲ್ಲಿ ನಿಂತ ಹುಡುಗ ಏನು ಕಲಿತ? ‘ಹೆಂಗೂ ಸರ್ ಬಂದು ಮಾಡ್ತಾರ’ ಅಂತ.

ಗದಗಿನ ಪುಟ್ಟರಾಜ ಗವಾಯಿಗಳನ್ನು ನೆನೆಸಿಕೊಳ್ಳಿ. ಗುರು ಪಂಚಾಕ್ಷರಿ ಗವಾಯಿಗಳು 1944ರಲ್ಲಿ ತೀರಿಕೊಂಡ ಮೇಲೆ ವೀರೇಶ್ವರ ಪುಣ್ಯಾಶ್ರಮದ ಹೊಣೆ ಹೊತ್ತರು. 2010ರಲ್ಲಿ ತಾವು ತೀರಿಕೊಳ್ಳುವ ತನಕ ಇಳಿಸಲಿಲ್ಲ. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಯಾರ ಕೆಲಸವನ್ನೂ ಹಿಂದೆ ನಿಂತು ಇಣುಕಿ ನೋಡುವ ಹಾಗಿರಲಿಲ್ಲ. ಕೇಳಿಸಿಕೊಳ್ಳಬೇಕಿತ್ತು, ನಂಬಬೇಕಿತ್ತು. ಸಂಗೀತ ಕಲಿಸುವುದೂ ಹಾಗೇ ಅಲ್ವಾ? ಗುರು ಎಷ್ಟೇ ಚಂದ ಹಾಡಿ ತೋರಿಸಲಿ, ಸ್ವರ ಕಡೆಗೆ ಶಿಷ್ಯನ ಗಂಟಲಿನಿಂದಲೇ ಹೊರಡಬೇಕು.

ನಿಮಗೆ ಸಿಟ್ಟು ಬರುವ ಜಾಗ ಪತ್ರದಲ್ಲೇ ಇದೆ: ಟೆಸ್ಟಿಂಗ್. ವಾಲ್ವಿನ ಮೈ ಸೋರುತ್ತದೋ ಅಂತ ನೋಡುವ ಶೆಲ್ ಟೆಸ್ಟಿಗೆ, ಅದು ತಡೆಯಬೇಕಾದ ರೇಟಿಂಗಿನ ಒಂದೂವರೆ ಪಟ್ಟು ಪ್ರೆಶರ್ ಏರಿಸಿ ನಿಲ್ಲಿಸುತ್ತೀರಿ. ಗೇಜಿನ ಮುಳ್ಳು ಇಳಿಯಿತೋ, ನಿಮ್ಮ ದನಿ ಏರುತ್ತದೆ. ಅಭ್ಯಾಸವನ್ನು ಅಲ್ಲೇ ಶುರು ಮಾಡಿ. ‘ಇನ್ನು ಮೇಲೆ ಶಾಂತವಾಗಿರುತ್ತೇನೆ’ ಅಂದುಕೊಂಡರೆ ಏನೂ ಆಗುವುದಿಲ್ಲ. ‘ಮುಳ್ಳು ಇಳಿದರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಮೊದಲು ಒಂದು ಪ್ರಶ್ನೆ ಕೇಳುತ್ತೇನೆ’ ಅಂತ ಗೊತ್ತು ಮಾಡಿಕೊಳ್ಳಿ. ಇಂಥದ್ದು ಆದರೆ ಇಂಥದ್ದು ಮಾಡುತ್ತೇನೆ ಅಂತ ಮೊದಲೇ ಜೋಡಿಸಿಟ್ಟದ್ದು ಬರೀ ಸಂಕಲ್ಪಕ್ಕಿಂತ ಗಟ್ಟಿ ನಿಲ್ಲುತ್ತದೆ ಅಂತ ಪೀಟರ್ ಗಾಲ್ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿದ್ದಾರೆ. (ಅಪಾಯ ಇದ್ದರೆ ಮಾತು ಬೇರೆ. ಆಗ ಮೊದಲು ಪ್ರೆಶರ್ ಇಳಿಸಿ, ಪ್ರಶ್ನೆ ಆಮೇಲೆ.)

ಪ್ರಶ್ನೆ ಸಾದಾ ಇರಲಿ: ‘ಎಲ್ಲಿಂದ ಸೋರಾಕತ್ತೈತಿ? ಏನ್ ಮಾಡೂಣು?’ ‘ಯಾರ್ ಮಾಡಿದ್ದಿದು?’ ಅನ್ನುವುದನ್ನು ಪ್ರಶ್ನೆ ಅಂತ ಲೆಕ್ಕಕ್ಕೆ ಹಿಡಿಯಬೇಡಿ, ಅದು ಬೈಗುಳ. ಕೇಳಿದ ಮೇಲೆ ಸುಮ್ಮನೆ ನಿಲ್ಲಿ. ಆ ಹೊತ್ತು ನಿಮಗೆ ಹಿಂಸೆಯಾಗುತ್ತದೆ, ಆಗಲಿ. ಲೋಡು ಅವತ್ತೇ ಹೋಗಬೇಕು, ನೀವೇ ಕೈ ಹಾಕದೆ ಗತಿಯಿಲ್ಲ ಅನ್ನುವ ದಿನವೂ ಬರುತ್ತದೆ. ಆಗ ಹಾಕಿ, ಆದರೆ ಆ ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಯಾಕೆ ಹೀಗೆ ಅಂತ ಹೇಳುತ್ತಾ.

ಬೈಗುಳದಿಂದ ಕೆಲಸ ಚುರುಕಾಗುತ್ತದೆ ಅಂತ ನಮ್ಮಲ್ಲಿ ಬಹಳ ಮಂದಿ ನಂಬಿದ್ದಾರೆ. ಹಾರ್ವರ್ಡಿನ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ನೋಡುತ್ತಾ ಹೋದರು. ಒಳ್ಳೆಯ ತಂಡಗಳಲ್ಲೇ ತಪ್ಪು ಜಾಸ್ತಿ ಕಂಡವು! ಕಾರಣ, ಅಲ್ಲಿಯವರು ಹೆದರದೆ ಹೇಳುತ್ತಿದ್ದರು. ಉಳಿದ ಕಡೆ ಮುಚ್ಚಿಡುತ್ತಿದ್ದರು. ನಿಮ್ಮ ಶಾಪಿನಲ್ಲಿ ಸಣ್ಣ ಲೀಕನ್ನು ನಿಮಗೆ ಹೇಳದೆ ಮುಂದೆ ದಾಟಿಸುವ ಹುಡುಗ ಇದ್ದರೆ, ಅವನನ್ನು ಹಾಗೆ ತಯಾರು ಮಾಡಿದ್ದು ಯಾರು? ಆ ವಾಲ್ವ್ ಮುಂದೆ ಯಾರದ್ದೋ ಸ್ಟೀಮ್ ಲೈನಿನಲ್ಲಿ ಕೂರುತ್ತದೆ.

21 ದಿನಕ್ಕೆ ಅಭ್ಯಾಸ ಆಗುತ್ತದೆ ಅನ್ನುವ ಮಾತನ್ನೂ ನೀವು ಕೇಳಿರುತ್ತೀರಿ. ಲಂಡನ್ನಿನ ಸಂಶೋಧಕರು 96 ಮಂದಿಯನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೀರು ಕುಡಿಯುವಂಥ ಸಣ್ಣ ಅಭ್ಯಾಸಗಳಿಗೂ ನಡುಮಟ್ಟದ ಲೆಕ್ಕ 66 ದಿನ ಬಂತು. ಕೆಲವರಿಗೆ 18 ಸಾಕು, ಕೆಲವರಿಗೆ 254ರ ತನಕ ಬೇಕಾದೀತು ಅಂತ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ಕೆಡುವುದಿಲ್ಲ ಅಂತಲೂ ಕಂಡಿತು. ಹಾಗಾಗಿ ಗುರುವಾರ ಒಮ್ಮೆ ಬಾಯಿ ತಪ್ಪಿದರೆ ಶುಕ್ರವಾರ ಮತ್ತೆ ಕೈ ಕಟ್ಟಿ ನಿಲ್ಲಿ. ಡೈರಿ ಬೇಕಿದ್ದರೆ ಇಡಿ, ಒಂದೇ ಸಾಲು: ಇವತ್ತು ಎಷ್ಟು ಸಲ ಕೈ ಹಾಕದೆ ಬಿಟ್ಟೆ.

ಮಾಲೀಕರಿಗೆ ನೀವೇ ಒಂದು ಹೊತ್ತು ಗೊತ್ತು ಮಾಡಿ ಹೇಳಿ. ಕಾರ್ಖಾನೆ ಬಿಡುವ ಮುಂಚೆ ದಿನದ ಲೆಕ್ಕ ಕಳಿಸುತ್ತೇನೆ, ಆಮೇಲೆ ಅರ್ಜೆಂಟಿದ್ದರೆ ಫೋನೇ ಮಾಡಿ, ಮೆಸೇಜು ಬೆಳಿಗ್ಗೆ ನೋಡುತ್ತೇನೆ ಅಂತ.

ನಿಮ್ಮ ಮನೆಯವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಮಷಿನ್ನಿಗೆ ವಾಪಸ್ ಹೋಗುವುದು ಅವಮಾನವೂ ಅಲ್ಲ. ಒಳ್ಳೆ ಟರ್ನರ್ ಸಿಗುವುದು ಈಗ ಇನ್‌ಚಾರ್ಜ್ ಸಿಗುವುದಕ್ಕಿಂತ ಕಷ್ಟ ಅಂತ ನನಗೆ ಅನಿಸುತ್ತದೆ. ಆದರೆ ನಿದ್ದೆಗೆಟ್ಟ ತಲೆಯಲ್ಲಿ ಆ ತೀರ್ಮಾನ ಬೇಡ. ಮೂರು ತಿಂಗಳು ಕೊಡಿ, ಆಮೇಲೆ ಇಬ್ಬರೂ ಕೂತು ಮಾತಾಡಿ. ಇಷ್ಟಾಗಿ ಇನ್ನೆರಡು ವಾರದಲ್ಲೂ ನಿದ್ದೆ ಬರದಿದ್ದರೆ ವೈದ್ಯರಿಗೆ ತೋರಿಸಿ, ಬಿಪಿಯನ್ನೂ ನೋಡಿಸಿ. ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ನಿಮಗೆ ದೂರವಲ್ಲ. ಅಲ್ಲಿಗೆ ಹೋಗಲು ಸಂಕೋಚ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.