ಡಾಲರಿಗೆ ನೂರು ರೂಪಾಯಿಯ ಲೆಕ್ಕ ಇನ್ನು ನಡೆಯದು

ರಿಪೇರಿ ಮೇಜು: ಟಿವಿಗೆ ಜೋಡಿಸಿ ಆಡುವ ಯಂತ್ರಗಳ (ಕನ್ಸೋಲ್) ಬಗ್ಗೆ ಓದುಗರ ಪ್ರಶ್ನೆಗಳಿಗೆ ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯ ಮೆಕ್ಯಾನಿಕ್ ಉತ್ತರ

ಪ್ರಶ್ನೆ: ನಾವು ಮುಲುಂಡಿನವರು, ಮನೆಯವರಿಗೆ ಕ್ಯಾಂಟೀನ್ ವ್ಯವಹಾರ. ಹನ್ನೆರಡನೆಯ ತರಗತಿಯಲ್ಲಿ ಒಳ್ಳೆಯ ಅಂಕ ತೆಗೆದರೆ ಸೋನಿ ಕಂಪನಿಯ ಪ್ಲೇಸ್ಟೇಷನ್ ಕೊಡಿಸುವುದಾಗಿ ಮಗನಿಗೆ ಮಾತು ಕೊಟ್ಟಿದ್ದೆವು. ಅಂಕ ಬಂತು. ಈಗ ಅವನೇ ‘ಐದು ಬೇಡ, ಆರು ಬರಲಿ’ ಎಂದು ಹಟ ಹಿಡಿದಿದ್ದಾನೆ. ಅದು ಯಾವಾಗ ಬರುತ್ತದೆ? ಎಷ್ಟು ಹಣ ಎತ್ತಿಡಬೇಕು?
(ಒಬ್ಬ ತಾಯಿ, ಮುಲುಂಡ್ ಪಶ್ಚಿಮ)

ಉತ್ತರ: ಅಮ್ಮ, ಮುಂದಿನ ಪ್ಲೇಸ್ಟೇಷನ್ನಿನ ಬೆಲೆಯನ್ನಾಗಲಿ ದಿನಾಂಕವನ್ನಾಗಲಿ ಸೋನಿ ಹೇಳಿಲ್ಲ. ಹೇಳಿದ್ದಾರೆಂದು ಯಾರಾದರೂ ನಿಮ್ಮ ಮಗನಿಗೆ ವಿಡಿಯೊ ಕಳಿಸಿದ್ದರೆ ಅದನ್ನು ನಂಬಬೇಡಿ. ಆದರೆ ಹಳೆಯ ಬಿಲ್ಲುಗಳನ್ನು ಎದುರಿಗಿಟ್ಟುಕೊಂಡರೆ ಅಂದಾಜು ಮಾಡಲು ಬರುತ್ತದೆ.

ಮೂರನೆಯ ಪ್ಲೇಸ್ಟೇಷನ್ 2006ರಲ್ಲಿ ಬಂತು, ನಾಲ್ಕನೆಯದು 2013ರಲ್ಲಿ, ಐದನೆಯದು 2020ರಲ್ಲಿ. ಏಳೇಳು ವರ್ಷ. ಈ ಲೆಕ್ಕದಲ್ಲಿ 2027 ಎನ್ನಬೇಕು. ಪ್ಲೇಸ್ಟೇಷನ್ನಿನ ಮುಖ್ಯ ವಿನ್ಯಾಸಕಾರ ಮಾರ್ಕ್ ಸರ್ನಿ ಅವರು 2025ರ ಅಕ್ಟೋಬರಿನಲ್ಲಿ, ಚಿಪ್ ಕಂಪನಿ ಎಎಂಡಿಯ ಜೊತೆ ರೂಪಿಸುತ್ತಿರುವ ತಂತ್ರಗಳನ್ನು ಇನ್ನು ಕೆಲವು ವರ್ಷಗಳಲ್ಲಿ ಬರುವ ಕನ್ಸೋಲಿನಲ್ಲಿ ಬಳಸುವ ಆಸೆಯಿದೆ ಎಂದರು. ಅವು ಸದ್ಯಕ್ಕೆ ಕಂಪ್ಯೂಟರಿನೊಳಗಿನ ಅನುಕರಣೆಯಲ್ಲಿ ಮಾತ್ರ ಇವೆ ಎಂದೂ ಸೇರಿಸಿದರು. ಇಂಥ ಮಾತು ಆಡುವವರು ನಾಳೆಯೇ ಡಬ್ಬಿ ಕಟ್ಟಿ ಕಳಿಸುವುದಿಲ್ಲ.

ಇನ್ನು ಬೆಲೆ. ನಮ್ಮ ರಸ್ತೆಯಲ್ಲಿ ಬಹಳ ಕಾಲ ಒಂದು ಸುಲಭದ ಸೂತ್ರ ನಡೆಯಿತು: ಅಮೆರಿಕದಲ್ಲಿ ಎಷ್ಟು ಡಾಲರೋ ಇಲ್ಲಿ ಅಷ್ಟು ನೂರು ರೂಪಾಯಿ. ನಾಲ್ಕನೆಯ ಪ್ಲೇಸ್ಟೇಷನ್ ಅಲ್ಲಿ 399 ಡಾಲರ್, ಇಲ್ಲಿ 39,990 ರೂಪಾಯಿ. ಐದನೆಯದು ಅಲ್ಲಿ 499, ಇಲ್ಲಿ 2021ರ ಫೆಬ್ರುವರಿಯಲ್ಲಿ 49,990. ಡಿಸ್ಕ್ ಇಲ್ಲದ ಮಾದರಿ ಅಲ್ಲಿ 399, ಇಲ್ಲಿ 39,990. ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಕೂಡ 499ಕ್ಕೆ 49,990. ಚಿಕ್ಕ ಸೀರೀಸ್ ಎಸ್ ಮಾತ್ರ ಸಾಲಿಗೆ ನಿಲ್ಲಲಿಲ್ಲ: ಅಲ್ಲಿ 299 ಇದ್ದದ್ದು ಇಲ್ಲಿ 34,990 ಆಯಿತು.

ಈ ಸೂತ್ರ ಹೇಗೆ ನಡೆಯುತ್ತಿತ್ತು ಎಂಬುದನ್ನು ಬಿಡಿಸಿ ನೋಡಿ. 2021ರ ಆರಂಭದಲ್ಲಿ ಡಾಲರಿಗೆ ಸುಮಾರು 73 ರೂಪಾಯಿ. 499ಕ್ಕೆ ಸುಮಾರು 36,400 ಆಯಿತು. ಅದರ ಮೇಲೆ ಶೇ. 18 ಜಿಎಸ್‌ಟಿ ಹಾಕಿದರೆ 43,000ದ ಹತ್ತಿರ. (ಕನ್ಸೋಲಿಗೆ ಮೊದಲು ಶೇ. 28 ಇತ್ತು, 2019ರ ಜನವರಿಯಿಂದ 18ಕ್ಕೆ ಇಳಿಯಿತು.) ಮಿಕ್ಕ ಏಳು ಸಾವಿರದಲ್ಲಿ ಆಮದು ಸುಂಕ, ಸಾಗಣೆ, ಅಂಗಡಿಯವನ ಲಾಭ ಎಲ್ಲವೂ ಮುಗಿಯಬೇಕು. ಅಷ್ಟರಲ್ಲಿ ನಡೆಯದು ಎಂದೋ ಏನೋ 2022ರ ನವೆಂಬರಿನಲ್ಲಿ ಐದು ಸಾವಿರ ಏರಿಸಿ 54,990 ಮಾಡಿದರು.

2025ರ ಡಿಸೆಂಬರಿನಲ್ಲಿ ಡಾಲರು 90 ದಾಟಿತು. 90ಕ್ಕೆ ಜಿಎಸ್‌ಟಿ ಸೇರಿಸಿದರೇ 106. ಅಂದರೆ ಸುಂಕವೂ ಲಾಭವೂ ಸೇರುವ ಮೊದಲೇ ನೂರರ ಸೂತ್ರ ಮಗುಚಿತು. ಈಗ ನಾನು ಡಾಲರಿಗೆ 120 ಎಂದು ಹಿಡಿಯುತ್ತೇನೆ. ಹೊಸ ಯಂತ್ರ 599 ಡಾಲರಿಗೆ ಬಂದರೆ ಇಲ್ಲಿ 72,000, 699ಕ್ಕೆ ಬಂದರೆ 84,000. ಎಪ್ಪತ್ತು ಸಾವಿರಕ್ಕಿಂತ ಕೆಳಗೆ ಬಿಡುಗಡೆಯಾದರೆ ನನಗೆ ಆಶ್ಚರ್ಯ. ಡಾಲರ್ ಬೆಲೆಯೇ 699ಕ್ಕಿಂತ ಮೇಲೆ ಹೋಗಲೂಬಹುದು, ಏಕೆಂದರೆ ಮೆಮೊರಿ ಚಿಪ್ಪಿನ ದರ ಹುಚ್ಚೆದ್ದಿದೆ. ಕೃತಕ ಬುದ್ಧಿಮತ್ತೆಯ ಡೇಟಾ ಕೇಂದ್ರಗಳು ಕಾರ್ಖಾನೆಯ ಬಾಗಿಲಲ್ಲೇ ಚಿಪ್ಪುಗಳನ್ನು ಎತ್ತಿಕೊಂಡು ಹೋಗುತ್ತಿವೆ. ನಮ್ಮಂಥವರು ಕಂಪ್ಯೂಟರಿಗೆ ಹಾಕುತ್ತಿದ್ದ ‘ಕ್ರೂಶಿಯಲ್’ ರ‍್ಯಾಮ್ ಮಾರಾಟವನ್ನೇ ನಿಲ್ಲಿಸುವುದಾಗಿ ಮೈಕ್ರಾನ್ ಕಂಪನಿ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಕನ್ಸೋಲ್ ಎಂದರೆ ಅರ್ಧ ಮೆಮೊರಿಯೇ ತಾನೆ?

‘ಹೊಸದು ಬಂದ ಮೇಲೆ ಹಳೆಯದು ಅಗ್ಗವಾಗುತ್ತದೆ, ಆಗ ಐದನೆಯದನ್ನೇ ಕೊಂಡರಾಯಿತು’ ಎಂದು ಯಜಮಾನರು ಹೇಳಬಹುದು. ಅವರ ಕಾಲಕ್ಕೆ ಅದು ನಿಜ. ಎರಡನೆಯ ಪ್ಲೇಸ್ಟೇಷನ್ 299 ಡಾಲರಿಗೆ ಬಂದು 2009ರಲ್ಲಿ 99ಕ್ಕೆ ಇಳಿದಿತ್ತು. ಈಗ ಗಾಳಿ ತಿರುಗಿದೆ. ಸೀರೀಸ್ ಎಕ್ಸ್ ಐದು ವರ್ಷ ಹಳೆಯದಾಗಿ 2025ರಲ್ಲಿ ಮೊದಲು 599.99, ಮತ್ತೆ ಅಕ್ಟೋಬರಿನಲ್ಲಿ 649.99 ಡಾಲರ್ ಆಯಿತು. ಸೋನಿಯೂ ಅದೇ ವರ್ಷದ ಆಗಸ್ಟಿನಲ್ಲಿ ಅಮೆರಿಕದಲ್ಲಿ 50 ಡಾಲರ್ ಏರಿಸಿತು. ಚಿಪ್ಪನ್ನು ಚಿಕ್ಕದು ಮಾಡಿದರೆ ಖರ್ಚು ಇಳಿಯುತ್ತಿದ್ದ ದಿನಗಳು ಹೋದವು.

ಹಾಗಾಗಿ ನನ್ನ ಮಾತು: ಹುಡುಗ ಈಗ ರಜೆಯಲ್ಲಿದ್ದಾನೆ, ಕಾಲೇಜು ಹತ್ತಿದ ಮೇಲೆ ಆಡಲು ಸಮಯ ಸಿಗುವುದಿಲ್ಲ. ಡಿಸ್ಕ್ ಇರುವ ಐದನೆಯದನ್ನೇ ಕೊಡಿಸಿ. ಅವನ ವಯಸ್ಸಿನವರೆಲ್ಲ ಬಾಯಿಬಿಟ್ಟು ಕಾಯುತ್ತಿರುವ ‘ಗ್ರ್ಯಾಂಡ್ ಥೆಫ್ಟ್ ಆಟೋ 6’ ಆಟವನ್ನೂ ಐದನೆಯ ಪ್ಲೇಸ್ಟೇಷನ್ ಮತ್ತು ಈಗಿನ ಎಕ್ಸ್‌ಬಾಕ್ಸುಗಳಿಗೇ ಘೋಷಿಸಿದ್ದಾರೆ. ಅದು ಹದಿನೆಂಟು ದಾಟಿದವರ ಆಟ ಎಂಬುದನ್ನು ಮಾತ್ರ ಕಿವಿಯಲ್ಲಿ ಹಾಕಿಕೊಂಡಿರಿ.

ಪ್ರಶ್ನೆ: ಟೆರಾಫ್ಲಾಪ್ ಲೆಕ್ಕದಲ್ಲಿ ಸೀರೀಸ್ ಎಕ್ಸ್ ಪ್ಲೇಸ್ಟೇಷನ್ 5ಕ್ಕಿಂತ ಮುಂದಿತ್ತು, ಆದರೆ ಟಿವಿಯ ಮೇಲೆ ಎರಡೂ ಒಂದೇ ಎನಿಸಿತು. ಮುಂದಿನ ಯಂತ್ರಗಳನ್ನು ಯಾವ ಅಂಕಿ ನೋಡಿ ತೂಗಬೇಕು?
(ಸಾಫ್ಟ್‌ವೇರ್ ಉದ್ಯೋಗಿ, ಹಿಂಜೇವಾಡಿ, ಪುಣೆ)

ಉತ್ತರ: ಕಂಪ್ಯೂಟರ್ ಕೆಲಸದವರೇ ಈ ಪ್ರಶ್ನೆ ಕೇಳಿದ್ದು ಸಂತೋಷ. ಟೆರಾಫ್ಲಾಪ್ ಎಂದರೆ ಗ್ರಾಫಿಕ್ಸ್ ಚಿಪ್ಪು ಸೆಕೆಂಡಿಗೆ ಎಷ್ಟು ಲೆಕ್ಕ ಮಾಡಬಲ್ಲದು ಎಂಬುದರ ಅಳತೆ. ಸೀರೀಸ್ ಎಕ್ಸಿಗೆ 12 ಟೆರಾಫ್ಲಾಪ್, ಪ್ಲೇಸ್ಟೇಷನ್ 5ಕ್ಕೆ 10.28. ಎರಡರ ಒಳಗೂ ಎಎಂಡಿಯ ಎಂಟು ಕೋರಿನ ಝೆನ್ 2 ಪ್ರೊಸೆಸರ್, ಎರಡಕ್ಕೂ 16 ಜಿಬಿ ಮೆಮೊರಿ. ಆದರೆ ಸೋನಿಯದ್ದರಲ್ಲಿ 16 ಜಿಬಿಯೂ ಸೆಕೆಂಡಿಗೆ 448 ಜಿಬಿಯ ಒಂದೇ ವೇಗದಲ್ಲಿ ಓಡುತ್ತದೆ. ಮೈಕ್ರೋಸಾಫ್ಟ್ ತನ್ನದನ್ನು ಎರಡು ಪಾಲು ಮಾಡಿತು: 10 ಜಿಬಿಗೆ 560ರ ವೇಗ, ಉಳಿದ 6 ಜಿಬಿಗೆ 336. ಆಟ ತುಂಬಿಡುವ ಎಸ್‌ಎಸ್‌ಡಿಯ ವೇಗದಲ್ಲಿ ಸೋನಿ ಸೆಕೆಂಡಿಗೆ 5.5 ಜಿಬಿ, ಎದುರಿನವರು 2.4. ಒಬ್ಬರು ಅಲ್ಲಿ ಗಳಿಸಿದ್ದನ್ನು ಇಲ್ಲಿ ಕಳೆದರು.

ಮಾತುಂಗದ ಹೋಟೆಲಿನಲ್ಲಿ ಎಷ್ಟು ಕಾವಲಿ ಇದ್ದರೇನು, ರುಬ್ಬಿದ ಹಿಟ್ಟು ಒಳಗಿನಿಂದ ಬರುವುದು ತಡವಾದರೆ ಗಿರಾಕಿ ಕಾಯಲೇಬೇಕು. ಟೆರಾಫ್ಲಾಪ್ ಕಾವಲಿಯ ಎಣಿಕೆ. ಸೋನಿಯದೇ ಅಂಕಿಗಳಲ್ಲಿ ಇದಕ್ಕೆ ಸಾಕ್ಷಿ ಇದೆ. 2024ರ ನವೆಂಬರಿನ ಪ್ಲೇಸ್ಟೇಷನ್ 5 ಪ್ರೊದಲ್ಲಿ ಗ್ರಾಫಿಕ್ಸ್ ಘಟಕಗಳು ಶೇ. 67 ಹೆಚ್ಚು, ಮೆಮೊರಿಯ ವೇಗ ಶೇ. 28 ಹೆಚ್ಚು. ಚಿತ್ರ ಮೂಡಿಸುವ ವೇಗ ಹೆಚ್ಚಿದ್ದು ಎಷ್ಟು? ಅವರೇ ಹೇಳುವಂತೆ ಶೇ. 45ರವರೆಗೆ. ಆ 67, ಆ 28, ನಡುವೆ ಈ 45.

ಅದಕ್ಕೇ ಸರ್ನಿ ಮತ್ತು ಎಎಂಡಿಯವರು ‘ಪ್ರಾಜೆಕ್ಟ್ ಅಮೆಥಿಸ್ಟ್’ ಎಂಬ ಜಂಟಿ ಕೆಲಸದಲ್ಲಿ ಮೂರು ಸಂಗತಿಗಳನ್ನು ಮುಂದಿಟ್ಟಿದ್ದಾರೆ. ಬೆಳಕಿನ ಕಿರಣಗಳ ಲೆಕ್ಕಕ್ಕೆಂದೇ ಬೇರೆ ಯಂತ್ರಾಂಶ, ಅದು ರೇಡಿಯನ್ಸ್ ಕೋರ್. ಗ್ರಾಫಿಕ್ಸ್ ಘಟಕಗಳು ಗುಂಪಾಗಿ ಸೇರಿ ಚಿಕ್ಕ ಚಿತ್ರವನ್ನು ದೊಡ್ಡದಾಗಿಸುವಂಥ ಎಐ ಕೆಲಸ ಮಾಡುವುದು ನ್ಯೂರಲ್ ಅರೇ. ಮೂರನೆಯದು ಯೂನಿವರ್ಸಲ್ ಕಂಪ್ರೆಶನ್, ಮೆಮೊರಿಗೆ ಹೋಗಿಬರುವ ಎಲ್ಲ ದತ್ತಾಂಶವನ್ನೂ ಹಿಂಡಿ ಚಿಕ್ಕದು ಮಾಡುವ ಏರ್ಪಾಡು. ಜಾಹೀರಾತಿನಲ್ಲಿ ಮೊದಲಿನ ಎರಡು ಮಿಂಚುತ್ತವೆ. ನನ್ನ ಕಣ್ಣು ಮೂರನೆಯದರ ಮೇಲಿದೆ. ಮೆಮೊರಿ ಚಿನ್ನದ ದರಕ್ಕೆ ಹೋಗಿರುವಾಗ ಇದ್ದ ಮೆಮೊರಿಯಲ್ಲೇ ಹೆಚ್ಚು ಕೆಲಸ ತೆಗೆಯುವವನು ಬೆಲೆಯನ್ನೂ ಹಿಡಿದಿಡುತ್ತಾನೆ.

ಮೈಕ್ರೋಸಾಫ್ಟ್ ಕೂಡ 2025ರ ಜೂನಿನಲ್ಲಿ ಎಎಂಡಿಯೊಂದಿಗೆ ಹಲವು ವರ್ಷಗಳ ಒಪ್ಪಂದ ಘೋಷಿಸಿತು. ಆಗಿನ ಎಕ್ಸ್‌ಬಾಕ್ಸ್ ಅಧ್ಯಕ್ಷೆ ಸಾರಾ ಬಾಂಡ್ ಮುಂದಿನ ಯಂತ್ರ ಬಹಳ ಮೇಲ್ದರ್ಜೆಯದು ಎಂದು ಅಕ್ಟೋಬರಿನಲ್ಲಿ ಹೇಳಿದರು. ಅಂಗಡಿಯವನ ಬಾಯಲ್ಲಿ ‘ಮೇಲ್ದರ್ಜೆ’ ಬಂದರೆ ನಾನು ಮೊದಲು ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ. ಅದೇ ತಿಂಗಳು ಎಕ್ಸ್‌ಬಾಕ್ಸ್ ಹೆಸರು ಹೊತ್ತು ಬಂದ ಕೈಯಲ್ಲಿ ಹಿಡಿಯುವ ಆರ್‌ಒಜಿ ಎಕ್ಸ್‌ಬಾಕ್ಸ್ ಅಲೈ ಎಕ್ಸ್‌ಗೆ 999.99 ಡಾಲರ್. ಸೋನಿ, ಮೈಕ್ರೋಸಾಫ್ಟ್ ಇಬ್ಬರ ಚಿಪ್ಪೂ ಒಂದೇ ಮನೆಯಿಂದ ಬರುವುದರಿಂದ ಚಿತ್ರದಲ್ಲಿ ಅಜಗಜಾಂತರ ಇರಲಾರದು. ಬೆಲೆಯಲ್ಲಿ ಇರುತ್ತದೆ.

ಪ್ರಶ್ನೆ: ಭಾವ ದುಬೈಯಿಂದ ಬರುತ್ತಿದ್ದಾರೆ. ಪ್ಲೇಸ್ಟೇಷನ್ 5 ಪ್ರೊ ತರಿಸಲೇ? ಇಲ್ಲಿಗೆ ಅದನ್ನು ಏಕೆ ತರಲಿಲ್ಲ?
(ಮಡಗಾಂವ್, ಗೋವಾ)

ಉತ್ತರ: ಕಾರಣ ಗ್ರಾಫಿಕ್ಸೂ ಅಲ್ಲ, ಬೆಲೆಯೂ ಅಲ್ಲ. ಪ್ರೊದಲ್ಲಿ ಹೊಸ ಪೀಳಿಗೆಯ ವೈಫೈ 7 ಇದೆ, ಅದು 6 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಬಳಸುತ್ತದೆ. ಯಂತ್ರ ಬಂದಾಗ ನಮ್ಮ ದೇಶದಲ್ಲಿ ಅದಕ್ಕೆ ಅನುಮತಿ ಇರಲಿಲ್ಲ. ಭಾರತಕ್ಕೆ ತರದಿರಲು ಸೋನಿಯೇ ಈ ಕಾರಣ ಕೊಟ್ಟಿತು. ಆ ಪಟ್ಟಿಯ ಕೆಳಭಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಡುವ ಕರಡು ನಿಯಮವನ್ನು ಸರ್ಕಾರ 2025ರ ಮೇ ತಿಂಗಳಲ್ಲಿ ಹೊರಡಿಸಿತು. ಮುಂದೆ ಬರುವ ಕನ್ಸೋಲುಗಳಿಗೆ ಇದು ದೊಡ್ಡ ಸಂಗತಿ, ಇಲ್ಲವಾದರೆ ಅವುಗಳಿಗೂ ಇದೇ ಗತಿಯಾಗುತ್ತಿತ್ತು.

ತರಿಸುವುದಾದರೆ ಕೆಲವು ಮಾತು. ವಿದ್ಯುತ್ತಿನ ಚಿಂತೆ ಬೇಡ, ಅದು 100ರಿಂದ 240 ವೋಲ್ಟಿನವರೆಗೆ ನಡೆಯುತ್ತದೆ. ಇದರ ವೈರೂ ಟೇಪ್‌ರೆಕಾರ್ಡರಿಗೆ ಬರುತ್ತಿದ್ದಂಥ ಎಂಟರ ಆಕಾರದ ಎರಡು ರಂಧ್ರದ್ದೇ. ಪ್ರೊದಲ್ಲಿ ಡಿಸ್ಕ್ ಡ್ರೈವ್ ಇಲ್ಲ, ಬೇರೆ ಕೊಂಡು ಸಿಕ್ಕಿಸಬೇಕು, ಮೊದಲ ಸಲ ಸಿಕ್ಕಿಸಿದಾಗ ಇಂಟರ್ನೆಟ್ ಇರಲೇಬೇಕು. ಯಾವ ದೇಶದ ಆಟದ ಡಿಸ್ಕನ್ನಾದರೂ ಅದು ಓದುತ್ತದೆ. ಆದರೆ ದುಬೈ ಡಿಸ್ಕಿನ ಆಟಕ್ಕೆ ಭಾರತದ ಖಾತೆಯಿಂದ ಹೆಚ್ಚುವರಿ ಭಾಗ ಕೊಂಡರೆ ಎರಡಕ್ಕೂ ಹೊಂದಿಕೆ ಆಗದಿರಬಹುದು. ಬಿಲ್ಲು ಭಾವನ ಕೈಯಲ್ಲೇ ಇರಲಿ, ವಿಮಾನ ನಿಲ್ದಾಣದಲ್ಲಿ ಸುಂಕದ ಮಿತಿ ಕೇಳುತ್ತಾರೆ. ಕೆಟ್ಟರೆ ವಾರಂಟಿಗಾಗಿ ಅದು ಮತ್ತೆ ಸಮುದ್ರ ದಾಟಬೇಕಾದೀತು.

ನನ್ನನ್ನು ಕೇಳಿದರೆ, ನಿಮ್ಮ ಮನೆಯ ಟಿವಿ 4ಕೆ ಅಲ್ಲವಾದರೆ ಪ್ರೊ ತರಿಸುವುದು ಶುದ್ಧ ದಂಡ. 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28ರ ಬದಲು 18 ಆಗಿದೆ. ಮೊದಲು ಆ ಕಡೆ ನೋಡಿ.

ಪ್ರಶ್ನೆ: ಅಂಕಲ್, ನಿಂಟೆಂಡೊ ಕಂಪನಿಯ ಸ್ವಿಚ್ 2 ಕನ್ಸೋಲ್ ಒಳ್ಳೆಯದೇ? ಜಪಾನಿನದ್ದು ಅಗ್ಗಕ್ಕೆ ಸಿಗುತ್ತದೆ ಎಂದು ಗೆಳೆಯ ಹೇಳಿದ.
(ಎಂಟನೆಯ ತರಗತಿ, ಮೀರಾ ರೋಡ್)

ಉತ್ತರ: ಒಳ್ಳೆಯದೇ ಮಗು. 2025ರ ಜೂನ್ 5ರಂದು 449.99 ಡಾಲರಿಗೆ ಬಂತು. ಎನ್‌ವಿಡಿಯಾ ಚಿಪ್, 12 ಜಿಬಿ ಮೆಮೊರಿ, 7.9 ಇಂಚಿನ ಪರದೆ. ಆದರೆ ನಿಂಟೆಂಡೊ ನಮ್ಮಲ್ಲಿ ಅಧಿಕೃತವಾಗಿ ಮಾರುವುದಿಲ್ಲ, ಇಲ್ಲಿ ಸಿಗುವುದೆಲ್ಲ ಹೊರಗಿನಿಂದ ಬಂದದ್ದು, ಬೆಲೆ ಅಂಗಡಿಯವನ ಮುಖ ನೋಡಿ ಬದಲಾಗುತ್ತದೆ. ಗೆಳೆಯ ಹೇಳಿದ, ಜಪಾನಿನಲ್ಲಿ 2025ರಲ್ಲಿ 49,980 ಯೆನ್ನಿಗೆ ಬಂದ ಮಾದರಿಯನ್ನು ಮಾತ್ರ ಮುಟ್ಟಬೇಡ. ಅದರಲ್ಲಿ ಜಪಾನಿ ಭಾಷೆ ಬಿಟ್ಟರೆ ಬೇರೆ ಇಲ್ಲ, ಜಪಾನಿನ ಖಾತೆ ಬಿಟ್ಟರೆ ಬೇರೆಯದನ್ನು ಒಪ್ಪುವುದೂ ಇಲ್ಲ. ಹಳೆಯ ಮೆಮೊರಿ ಕಾರ್ಡೂ ಆಟ ತುಂಬಲು ಬರುವುದಿಲ್ಲ, ಮೈಕ್ರೋಎಸ್‌ಡಿ ಎಕ್ಸ್‌ಪ್ರೆಸ್ ಎಂಬ ಹೊಸ ಜಾತಿಯೇ ಬೇಕು. ಅಪ್ಪನಿಗೆ ಈ ಕಾರ್ಡಿನ ಖರ್ಚನ್ನು ಮೊದಲೇ ಹೇಳು, ಆಮೇಲೆ ಹೇಳಿದರೆ ಬೈಗುಳ ತಿನ್ನುತ್ತೀಯ.

ಪ್ರಶ್ನೆ: ವಾಲ್ವ್ ಕಂಪನಿಯ ಸ್ಟೀಮ್ ಮೆಷೀನ್ ಇವೆಲ್ಲಕ್ಕಿಂತ ಮೇಲೆ ಎನ್ನುತ್ತಾರೆ. ನಿಜವೇ?
(ವಿದ್ಯಾರ್ಥಿ, ಕೋಥರೂಡ್, ಪುಣೆ)

ಉತ್ತರ: 2025ರ ನವೆಂಬರಿನಲ್ಲಿ ಬೆಲೆ ಹೇಳದೆ ತೋರಿಸಿದರು. 16 ಜಿಬಿ ರ‍್ಯಾಮ್, ಗ್ರಾಫಿಕ್ಸಿಗೆ ಬೇರೆಯೇ 8 ಜಿಬಿ. ಆ ಎಂಟು ನನಗೆ ಕಡಿಮೆ ಎನಿಸುತ್ತದೆ. ಸೋನಿ, ಮೈಕ್ರೋಸಾಫ್ಟಿನವರು ಆಟದ ಮಾರಾಟದಲ್ಲಿ ಗಳಿಸುವ ಲೆಕ್ಕದಿಂದ ಯಂತ್ರವನ್ನು ಕಡಿಮೆ ಬೆಲೆಗೆ ಕೊಡಬಲ್ಲರು. ಇದು ನಿಜಕ್ಕೂ ಒಂದು ಕಂಪ್ಯೂಟರು, ಕಂಪ್ಯೂಟರಿನ ಬೆಲೆಯೇ ಇರುತ್ತದೆ. ವಾಲ್ವಿನ ಆನ್‌ಲೈನ್ ಆಟದ ಅಂಗಡಿಯಾದ ಸ್ಟೀಮ್‌ನ ನಿನ್ನ ಖಾತೆಯಲ್ಲಿ ಈಗಾಗಲೇ ಆಟಗಳ ರಾಶಿ ಇದ್ದರೆ ಯೋಚಿಸು.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ. ಮೊಮ್ಮಗಳಿಗೆ ಪ್ಲೇಸ್ಟೇಷನ್ 5 ಕೊಡಿಸುವವನಿದ್ದೇನೆ. ಡಿಸ್ಕ್ ಇಲ್ಲದ್ದಕ್ಕೆ ಬೆಲೆ ಕಡಿಮೆ. ಅದೇ ಸಾಲದೇ? ಮನೆ ಕಡಲಿಗೆ ಹತ್ತಿರ, ತುಕ್ಕು ಹಿಡಿಯುವ ಭಯವಿದೆ.
(ದಾದರ್)

ಉತ್ತರ: ರಾಯರೇ, ಬಡ್ಡಿ ಲೆಕ್ಕ ಹಾಕಿದ ಕೈ ನಿಮ್ಮದು, ನೀವೇ ಹಾಕಿ. ದೊಡ್ಡ ಆಟವೊಂದು ಹೊಸದರಲ್ಲಿ ಐದು ಸಾವಿರದ ಆಸುಪಾಸು. ಡಿಸ್ಕಾದರೆ ಆಡಿ ಮುಗಿಸಿ ಮಾರಬಹುದು, ಬದಲಾಯಿಸಬಹುದು, ಗೆಳತಿಯಿಂದ ಎರವಲು ತರಬಹುದು. ಡೌನ್‌ಲೋಡ್ ಮಾಡಿದ್ದಕ್ಕೆ ಮರುಮಾರಾಟದ ಬೆಲೆ ಸೊನ್ನೆ. ವರ್ಷಕ್ಕೆ ಮೂರು ನಾಲ್ಕು ಆಟ ಕೊಳ್ಳುವ ಮನೆಯಲ್ಲಿ ಆ ಬೆಲೆಯ ವ್ಯತ್ಯಾಸ ಬೇಗ ಹುಟ್ಟುತ್ತದೆ.

ತುಕ್ಕಿನ ಭಯ ಸುಳ್ಳಲ್ಲ. ಕಡಲ ಬದಿಯ ಮನೆಗಳಿಂದ ಬರುವ ಯಂತ್ರಗಳನ್ನು ಬಿಚ್ಚಿದರೆ ತಿರುಪಿನ ತಲೆಯ ಮೇಲೆ ಕಂದು ಹುಡಿ, ಫ್ಯಾನಿನ ರೆಕ್ಕೆಯ ಅಂಚಿಗೆ ಒದ್ದೆ ಧೂಳು ಕಂಬಳಿಯ ಹಾಗೆ ಹತ್ತಿರುತ್ತದೆ. ಮೇಲಿನ ಬಿಳಿ ಹಲಗೆ ಸರಿಸಿದರೆ ಧೂಳು ಹಿಡಿಯುವ ಗುಂಡಿಗಳು ಕಾಣುತ್ತವೆ. ಕರೆಂಟು ತೆಗೆದು ಮನೆಯ ವ್ಯಾಕ್ಯೂಮಿನಿಂದ ಎಳೆದರೆ ಸಾಕು. ಅಷ್ಟಕ್ಕೇ ನಿಲ್ಲಿಸಿ. ಚಿಪ್ಪಿನ ಮೇಲೆ ಶಾಖ ಸಾಗಿಸಲು ಪೇಸ್ಟಿನ ಬದಲು ದ್ರವರೂಪದ ಲೋಹ ಹಾಕಿದ್ದಾರೆ, ಅದು ಹರಿದು ಪಕ್ಕದ ಭಾಗಗಳಿಗೆ ತಾಗಿದರೆ ಬೋರ್ಡೇ ಸುಡುತ್ತದೆ. ಫ್ಯಾನಿನಿಂದ ಒಳಕ್ಕೆ ಹೋಗಬೇಡಿ, ಪಕ್ಕದ ಮನೆಯ ಜಾಣ ಹುಡುಗನನ್ನೂ ಹೋಗಗೊಡಬೇಡಿ.

ಇನ್ನೊಂದು ಮಾತನ್ನು ಮೊಮ್ಮಗಳಿಗೆ ಹೇಳಿ. ನನ್ನ ಮೇಜಿಗೆ ಹೆಚ್ಚಾಗಿ ಬರುವುದು ಟಿವಿಯ ವೈರು ಸಿಕ್ಕಿಸುವ ಎಚ್‌ಡಿಎಂಐ ಪೋರ್ಟು ಒಡೆದದ್ದು. ಒಳಗೆ ಕೂದಲೆಳೆಯಂಥ 19 ಪಿನ್ನುಗಳಿವೆ. ವೈರು ಸಿಕ್ಕಿಸಿದ ಹಾಗೇ ಯಂತ್ರವನ್ನು ಕಪಾಟಿನಿಂದ ಎಳೆದರೆ ಒಂದೆರಡು ಮಡಿಚಿಕೊಂಡು ಪರದೆ ಕಪ್ಪಾಗುತ್ತದೆ. ಮೊದಲು ವೈರು ತೆಗೆಯಬೇಕು, ಆಮೇಲೆ ಡಬ್ಬಿ.