ಕಲ್ಟಿವೇಟರ್ ಏರಿಳಿಯುತ್ತಿದೆ ಅಂತ ಪಂಪ್ ಬಿಚ್ಚಿಸಬೇಡಿ

ಉಳುವಾಗ ಟ್ರ್ಯಾಕ್ಟರ್ ಹಿಂದೆ ಕಟ್ಟಿದ ಕಲ್ಟಿವೇಟರ್ ಒಂದೇ ಆಳಕ್ಕೆ ನಿಲ್ಲುತ್ತಿಲ್ಲ, ಹೈಡ್ರಾಲಿಕ್ ಪಂಪ್ ಬದಲಾಯಿಸಲಾ ಅಂತ ಕೇಳಿದ್ದೀರಿ. ಬೇಡ. ಸೀಟಿನ ಪಕ್ಕದ ಎರಡು ಲಿವರ್‌ಗಳಲ್ಲಿ ಯಾವುದನ್ನು ಹಿಡಿದು ಉಳುತ್ತಿದ್ದೀರಿ, ಮೊದಲು ಅದನ್ನು ನೋಡಿ.

ನಾನು ನೋಡಲಿಲ್ಲ. ಅರಕಲಗೂಡು ಕಡೆ ನಮ್ಮದು ಕೆಮ್ಮಣ್ಣಿನ ಹೊಲ, ನಡುವೆ ಗಟ್ಟಿ ನೆಲದ ಒಂದು ಪಟ್ಟೆ. ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ತಂದ ಮೊದಲ ವರ್ಷ. ಭರಣಿ ಮಳೆ ಬಿದ್ದು ಒಳ್ಳೆ ಹದ ಸಿಕ್ಕಿತ್ತು. ಆಲೂಗಡ್ಡೆಗೆ ನೆಲ ಮಾಡೋಣ ಅಂತ ಒಂಬತ್ತು ಹಲ್ಲಿನ ಕಲ್ಟಿವೇಟರ್ ಕಟ್ಟಿ ಇಳಿದೆ. ಗಟ್ಟಿ ಪಟ್ಟೆ ಬಂದಾಗೆಲ್ಲ ಅದು ತಾನಾಗಿ ಮೇಲೇಳುತ್ತಿತ್ತು. ದಾಟಿದ ಕೂಡಲೇ ಧಪ್ಪಂತ ಒಳಗೆ. ಇಳಿದು ಸಾಲಿಗೆ ಕೈ ಹಾಕಿ ನೋಡಿದರೆ ಒಂದು ಕಡೆ ಮಣಿಕಟ್ಟಿನವರೆಗೆ ಸಡಿಲ ಮಣ್ಣು, ಇನ್ನೊಂದು ಕಡೆ ಬೆರಳೂ ಮುಳುಗಲಿಲ್ಲ.

ಕಲ್ಟಿವೇಟರ್ ಎತ್ತಿ ಇಳಿಸುವ ಹೈಡ್ರಾಲಿಕ್ ಲಿಫ್ಟ್ ಹೋಯ್ತು ಅಂದುಕೊಂಡೆ. ಮೆಕ್ಯಾನಿಕ್ಕೂ ಹೂಂ ಅಂದ. ಸೀಲು, ಎಣ್ಣೆ, ಕೂಲಿ ಸೇರಿ 11 ಸಾವಿರ, ಆರು ದಿನ. ಗಾಡಿ ಮನೆಗೆ ಬಂದಾಗ ಹದ ಆರಿ ಹೋಗಿತ್ತು, ಕಲ್ಟಿವೇಟರ್ ಮಾತ್ರ ಅದೇ ಕುಣಿತ ಕುಣಿಯುತ್ತಿತ್ತು. ಪಕ್ಕದ ಹೊಲದ ಅಣ್ಣ ಬಂದು ನೋಡಿ, "ಡಿಸಿ ಲಿವರ್ ಹಿಡ್ಕೊಂಡು ಪಿಸಿ ಕೆಲಸ ಕೇಳ್ತಿದ್ದೀಯಲ್ಲೋ" ಅಂದರು.

ಅಂದರೆ ಲಿಫ್ಟ್ ಕೆಟ್ಟಿರಲೇ ಇಲ್ಲ, ತನ್ನ ಕೆಲಸ ಮಾಡುತ್ತಿತ್ತು. ಪಿಸಿ ಅಂದರೆ ಪೊಸಿಷನ್ ಕಂಟ್ರೋಲ್. ಲಿವರ್ ಎಲ್ಲಿಟ್ಟಿರೋ ಲಿಫ್ಟ್ ತೋಳು ಅಲ್ಲೇ ನಿಲ್ಲುತ್ತೆ. ಡಿಸಿ ಅಂದರೆ ಡ್ರಾಫ್ಟ್ ಕಂಟ್ರೋಲ್. ಅದಕ್ಕೆ ಎತ್ತರ ಗೊತ್ತಿಲ್ಲ, ಎಳೆತದ ಭಾರ ಮಾತ್ರ ಗೊತ್ತು. ನನ್ನಂಥ ಗಾಡಿಯಲ್ಲಿ ಆ ಭಾರ ಟಾಪ್ ಲಿಂಕ್, ಅಂದರೆ ಕಲ್ಟಿವೇಟರನ್ನು ಮೇಲ್ಗಡೆ ಗಾಡಿಗೆ ಜೋಡಿಸುವ ರಾಡ್, ಅದರ ಮೂಲಕ ತಿಳಿಯುತ್ತೆ. ನೆಲ ಗಟ್ಟಿಯಾದರೆ ಟಾಪ್ ಲಿಂಕ್ ಮುಂದಕ್ಕೆ ಒತ್ತುತ್ತೆ, ಲಿಫ್ಟ್ ಸ್ವಲ್ಪ ಎತ್ತುತ್ತೆ. ಮೆತ್ತಗಾದರೆ ಇಳಿಸುತ್ತೆ. ಹ್ಯಾರಿ ಫರ್ಗುಸನ್ ಅನ್ನುವವ 1920ರ ದಶಕದಲ್ಲೇ ಇದನ್ನು ಕಂಡುಹಿಡಿದ. ನನಗೆ ತಿಳಿಯೋಕೆ 11 ಸಾವಿರ ಬೇಕಾಯ್ತು ನೋಡಿ!

ಯಾವ ಲಿವರ್ ಯಾವುದು ಅಂತ ತಿಳಿಯಲು ಕಲ್ಟಿವೇಟರ್ ಎತ್ತಿ, ಎಂಜಿನ್ ಓಡುತ್ತಿರುವಾಗಲೇ ಒಂದನ್ನು ಸ್ವಲ್ಪ ಕೆಳಗೆ ತಳ್ಳಿ. ಅರ್ಧಕ್ಕೆ ನಿಂತರೆ ಪಿಸಿ, ಪೂರ್ತಿ ನೆಲಕ್ಕೆ ಕೂತರೆ ಡಿಸಿ. ಆಗ ಇನ್ನೊಂದು ಲಿವರ್ ಎಲ್ಲಿರಬೇಕು ಅನ್ನೋದು ಕಂಪನಿಗೊಂದು ಥರ, ಗಾಡಿ ಜೊತೆ ಬಂದ ಪುಸ್ತಕ ನೋಡಿ. ನಾನು ಹೆಂಡತಿಯ ಕೆಂಪು ನೈಲ್ ಪಾಲಿಶ್‌ನಲ್ಲಿ ಡಿಸಿಗೆ ಗುರುತು ಹಾಕಿಕೊಂಡಿದ್ದೇನೆ.

ಆದರೆ ಎಲ್ಲೆಡೆ ಒಂದೇ ಆಳ ಬೇಕೇ ಬೇಕು ಅನ್ನುವ ನಿಮ್ಮ ಹಟ ನನಗೆ ಒಪ್ಪಿಗೆ ಇಲ್ಲ. ರೋಟವೇಟರ್, ಬಿತ್ತುವ ಕೂರಿಗೆಗೆ ಪಿಸಿ ಸರಿ. ಸಮ ನೆಲದಲ್ಲಿ ಕಲ್ಟಿವೇಟರ್‌ಗೂ ಸರಿ. ಗಟ್ಟಿ ನೆಲಕ್ಕೆ ನೇಗಿಲು ಹಾಕಿದಾಗ ಡಿಸಿಯೇ ಬೇಕು. ಅದು ಎತ್ತಿದಾಗ ನೇಗಿಲಿನ ಭಾರ ಹಿಂದಿನ ಚಕ್ರಕ್ಕೆ ಬಿದ್ದು ಟೈರ್ ಜಾರೋದು ಕಡಿಮೆ. ಆಳ ಎರಡು ಇಂಚು ಕಡಿಮೆಯಾದರೆ ಆಗಲಿ, ಟೈರ್ ಬೆಲೆ ಕೇಳಿದ್ದೀರಾ?

ಇಷ್ಟಾದರೂ ಅನುಮಾನ ಇದ್ದರೆ ಪಿಸಿಯಲ್ಲಿ ಪೂರ್ತಿ ಎತ್ತಿ, ಎಂಜಿನ್ ಆಫ್ ಮಾಡಿ, ಟೀ ಕುಡಿದು ಬನ್ನಿ. ಕಣ್ಣಿಗೆ ಕಾಣುವಷ್ಟು ಇಳಿದಿದ್ದರೆ ಆಗ ಮೆಕ್ಯಾನಿಕ್‌ಗೆ ಫೋನ್ ಮಾಡಿ. ಎತ್ತಿಟ್ಟಿರುವಷ್ಟು ಹೊತ್ತು ಮಕ್ಕಳನ್ನು ಅದರ ಹತ್ತಿರ ಬಿಡಬೇಡಿ.